ಕನಸು ನೆನಪಿರುತ್ತಿಲ್ಲವೇ? ನಿದ್ದೆಗೆಟ್ಟ ವಿದ್ಯಾರ್ಥಿಗಳಿಗೊಂದು ದೋಷ ನಿವಾರಣೆ ಕೈಪಿಡಿ

"ನಂಗೆ ಕನಸೇ ಬೀಳಲ್ಲ" ಅನ್ನುವವರು ಪ್ರತಿ ಹಾಸ್ಟೆಲಿನಲ್ಲೂ ಇರುತ್ತಾರೆ. ಬೀಳುತ್ತದೆ. ಬೆಳಿಗ್ಗೆಯವರೆಗೆ ಉಳಿಯುವುದಿಲ್ಲ, ಅಷ್ಟೇ. ನಲ್ಲಿಯಲ್ಲಿ ನೀರು ಬರದಿದ್ದರೆ ಕೆರೆ ಬತ್ತಿದೆ ಅಂತ ತೀರ್ಮಾನ ಮಾಡುವ ಮೊದಲು ಪೈಪು ಎಲ್ಲಿ ಸೋರುತ್ತಿದೆ ಅಂತ ನೋಡುತ್ತೇವಲ್ಲ, ಇಲ್ಲೂ ಅದೇ ಕೆಲಸ.

ಸೋರುವ ಜಾಗ ಮೂರು. ಒಂದು, ಕನಸು ಹೆಚ್ಚಾಗಿ ಬೀಳುವ ಹೊತ್ತಿನ ನಿದ್ದೆಯನ್ನೇ ನೀವು ಮಾಡುತ್ತಿಲ್ಲ. ಎರಡು, ಆ ನಿದ್ದೆ ಆಗುತ್ತಿದೆ, ಆದರೆ ಕನಸಿನ ಹತ್ತಿರದಲ್ಲಿ ಎಚ್ಚರವಾಗುತ್ತಿಲ್ಲ. ಮೂರು, ನೇರವಾಗಿ ಕನಸಿನಿಂದಲೇ ಎದ್ದಿರಿ, ಎದ್ದ ಮೊದಲ ಒಂದೆರಡು ನಿಮಿಷದಲ್ಲಿ ಅದನ್ನು ಕಳೆದುಕೊಂಡಿರಿ. ನಾನು ಕಂಡಂತೆ ಜಾಸ್ತಿ ಜನ ಕಳೆದುಕೊಳ್ಳುವುದು ಮೂರನೆಯ ಜಾಗದಲ್ಲಿ, ದೂರುವುದು ಮೊದಲನೆಯದನ್ನು. ಅದಕ್ಕೇ ಕೊನೆಯಿಂದ ಶುರುಮಾಡೋಣ. ಅಲ್ಲಿನ ರಿಪೇರಿಗೆ ಕಾಸು ಬೇಡ, ಹೆಚ್ಚಿನ ನಿದ್ದೆಯೂ ಬೇಡ. ಇಂಟರ್ನಲ್ಸ್ ನಡುವೆಯೂ ಮಾಡಬಹುದು.

ಮೊದಲು ಒಂದು ಪರೀಕ್ಷೆ

ಅಲಾರಂ ಇಡಬೇಕಿಲ್ಲದ ಒಂದು ಬೆಳಿಗ್ಗೆ ಆರಿಸಿಕೊಳ್ಳಿ. ಭಾನುವಾರ ಸಾಕು. ಹಿಂದಿನ ರಾತ್ರಿ ದಿನಾ ಮಲಗುವ ಹೊತ್ತಿಗೇ ಮಲಗಿ. ನಾಳೆ ರಜೆ ಅಂತ ಎರಡು ಗಂಟೆಯವರೆಗೆ ಸೀರೀಸ್ ನೋಡಿದರೆ ಪರೀಕ್ಷೆ ಕೆಟ್ಟಿತು. ಬೆಳಿಗ್ಗೆ ತಾನಾಗಿ ಎಚ್ಚರವಾದಾಗ ಕಣ್ಣು ಬಿಡಬೇಡಿ, ಮಗ್ಗುಲು ಬದಲಿಸಬೇಡಿ. "ಈಗ ಎಲ್ಲಿದ್ದೆ? ಯಾರ ಜೊತೆ ಇದ್ದೆ?" ಅಂತ ಒಂದು ನಿಮಿಷ ನಿಮ್ಮನ್ನೇ ಕೇಳಿಕೊಳ್ಳಿ.

ಏನಾದರೂ ಸಿಕ್ಕಿತಾ? ಒಂದು ಮುಖ, ಒಂದು ಮೆಟ್ಟಿಲು, ಕಾರಣವಿಲ್ಲದ ಒಂದು ಗಾಬರಿ, ಏನಾದರೂ ಸರಿ. ಸಿಕ್ಕಿದ್ದರೆ ಕನಸು ಬೀಳುತ್ತಿದೆ, ನಿಮಗೂ ಅದನ್ನು ಹಿಡಿಯುವ ಶಕ್ತಿ ಇದೆ. ವಾರದ ದಿನಗಳಲ್ಲಿ ಅದು ಹೋಗುತ್ತಿರುವುದು ಒಂದೋ ಎದ್ದಮೇಲಿನ ಗಡಿಬಿಡಿಯಲ್ಲಿ, ಇಲ್ಲವೇ ಕತ್ತರಿಸಿಹೋದ ನಿದ್ದೆಯಲ್ಲಿ. ಏನೂ ಸಿಗಲಿಲ್ಲ, ಆದರೆ ಎಂಟು ಗಂಟೆ ಚೆನ್ನಾಗಿ ನಿದ್ದೆಯಾಯಿತು ಅಂದರೆ ನೀವು ಗಾಢ ನಿದ್ದೆಯವರಿರಬಹುದು. ಅದಕ್ಕೆ ಮುಂದೆ ಬೇರೆ ಮಾತಿದೆ.

ಒಂದು ಎಚ್ಚರಿಕೆ. ವಾರವೆಲ್ಲ ನಿದ್ದೆಗೆಟ್ಟು ಅಥವಾ ನೈಟ್ ಔಟ್ ಮಾಡಿ, ಮರುರಾತ್ರಿಯೇ ಈ ಪರೀಕ್ಷೆ ಮಾಡಬೇಡಿ. ದೇಹ ಮೊದಲು ಗಾಢ ನಿದ್ದೆಯ ಸಾಲ ತೀರಿಸಿಕೊಳ್ಳುತ್ತದೆ. ಕನಸಿನ ನಿದ್ದೆಯ ಸರದಿ ಆಮೇಲೆ. ಎರಡನೆಯ ಅಥವಾ ಮೂರನೆಯ ರಾತ್ರಿ ಅದು ಬಡ್ಡಿ ಸಮೇತ ಬರುವುದುಂಟು. ಸೆಮಿಸ್ಟರ್ ಮುಗಿದು ಊರಿಗೆ ಹೋದ ಮೇಲೆ ಸಿನಿಮಾದಂಥ ಕನಸುಗಳು ಸಾಲಾಗಿ ಬೀಳುವುದು ಇದರಿಂದಲೇ. ಅಮ್ಮನ ಅಡುಗೆಗೂ ಇದಕ್ಕೂ ಸಂಬಂಧವಿಲ್ಲ.

ಲಕ್ಷಣ: ಎದ್ದಾಗ ಇತ್ತು, ಹಲ್ಲುಜ್ಜುವಷ್ಟರಲ್ಲಿ ಹೋಯಿತು

ಇದೇ ಎಲ್ಲಕ್ಕಿಂತ ಸಾಮಾನ್ಯವಾದ ದೋಷ. ಕಾರಣ ಮಿದುಳಿನಲ್ಲೇ ಇದೆ. ಕನಸಿನ ನಿದ್ದೆಯಲ್ಲಿ ನೊರಾಡ್ರಿನಲಿನ್ ಅನ್ನುವ ರಾಸಾಯನಿಕದ ಹರಿವು ಹೆಚ್ಚುಕಡಿಮೆ ನಿಂತೇ ಹೋಗಿರುತ್ತದೆ. ಹಗಲಿನ ಘಟನೆಗಳನ್ನು ನೆನಪಿನಲ್ಲಿ ಗಟ್ಟಿಯಾಗಿ ಕೂರಿಸಲು ಅದರ ನೆರವು ಬೇಕು. 2019ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಸೇರಿದ ತಂಡವೊಂದು ಇಲಿಗಳ ಮಿದುಳಿನಲ್ಲಿ ಒಂದು ಜೀವಕೋಶದ ಗುಂಪನ್ನು ಗುರುತಿಸಿತು. ಕನಸಿನ ನಿದ್ದೆಯಲ್ಲಿ ಆ ಗುಂಪು ಚುರುಕಾಗಿ, ಮರೆಯುವ ಕೆಲಸಕ್ಕೆ ಕೈಜೋಡಿಸುತ್ತದೆ. ಇಲಿಯ ಲೆಕ್ಕ ಮನುಷ್ಯನಿಗೆ ಹಾಗೇ ಹೊಂದಬೇಕೆಂದಿಲ್ಲ. ಆದರೂ ಕನಸು ಮರೆತುಹೋಗುವುದು ನಿಮ್ಮ ಸೋಮಾರಿತನ ಅಲ್ಲ ಅಂತ ಇಷ್ಟರಿಂದ ಗೊತ್ತಾಗುತ್ತದೆ. ಎದ್ದ ಕೂಡಲೇ ಕೈಯಲ್ಲಿರುವುದು ಇನ್ನೂ ಎಲ್ಲೂ ದಾಖಲಾಗದ ಸರಕು. ಅದರ ಮೇಲೆ ಬೇರೆ ಯಾವುದೇ ವಿಷಯ ಬಂದು ಬಿದ್ದರೂ ಮುಗಿಯಿತು.

ಆ ಬೇರೆ ವಿಷಯ ಎಷ್ಟು ಚಿಕ್ಕದಿದ್ದರೂ ಸಾಕು. 1973ರಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಸರಳ ಪ್ರಯೋಗ ಮಾಡಿದರು. ಒಂದು ಗುಂಪಿಗೆ, ಬೆಳಿಗ್ಗೆ ಎದ್ದೊಡನೆ ಹವಾಮಾನದ ಮಾಹಿತಿ ಕೊಡುವ ಫೋನ್ ನಂಬರಿಗೆ ಕರೆ ಮಾಡಿ ಅವತ್ತಿನ ತಾಪಮಾನ ಬರೆದುಕೊಳ್ಳಿ, ಆಮೇಲೆ ಕನಸು ಬರೆಯಿರಿ ಅಂದರು. ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತು ಸುಮ್ನೆ ಮಲಗಿರಲು ಹೇಳಿದರು. ಫೋನ್ ಮಾಡಿದವರಿಗೆ ಕನಸಿನ ವಿವರ ಸ್ಪಷ್ಟವಾಗಿ ಕಡಿಮೆ ನೆನಪಾಯಿತು. ಒಂದು ಕರೆ, ಒಂದು ಸಂಖ್ಯೆ, ಇಷ್ಟಕ್ಕೇ! ಈಗ ನಿಮ್ಮ ಬೆಳಿಗ್ಗೆ ನೆನಪು ಮಾಡಿಕೊಳ್ಳಿ. ಅಲಾರಂ ನಿಲ್ಲಿಸಲು ಮೊಬೈಲ್ ಎತ್ತುತ್ತೀರಿ. ಪರದೆಯ ಮೇಲೆ ಕ್ಲಾಸ್ ಗ್ರೂಪಿನ ನಲವತ್ತು ಮೆಸೇಜ್. "ಇವತ್ತು ರೆಕಾರ್ಡ್ ಸಬ್ಮಿಟ್ ಮಾಡ್ಬೇಕಾ?" ಅಂತ ಮೇಲೆ ಒಂದು. ಅದನ್ನು ತೆರೆಯಬೇಕಾಗಿಯೂ ಇಲ್ಲ. ಕಣ್ಣಿಗೆ ಬಿದ್ದರೆ ಸಾಕು, ಕನಸು ಹೋಯಿತು.

ಹಾಗಾಗಿ ಮೊದಲ ರಿಪೇರಿ: ಅಲಾರಂ ಮತ್ತು ಮೊಬೈಲ್ ಬೇರೆಬೇರೆ ಆಗಬೇಕು. ಇನ್ನೂರು ರೂಪಾಯಿ ಆಸುಪಾಸಿನ ಟೇಬಲ್ ಗಡಿಯಾರ ಒಳ್ಳೆಯದು. ಅದು ಬೇಡವೆಂದರೆ ಮೊಬೈಲನ್ನೇ ಪರದೆ ಕೆಳಗೆ ಮಾಡಿ ಇಡಿ, ನೋಟಿಫಿಕೇಷನ್ ಬೆಳಿಗ್ಗೆವರೆಗೆ ಬಂದ್ ಮಾಡಿ, ಕಣ್ಣು ಮುಚ್ಚಿಕೊಂಡೇ ಬದಿಯ ಗುಂಡಿ ಒತ್ತಿ ನಿಲ್ಲಿಸುವುದನ್ನು ರೂಢಿ ಮಾಡಿಕೊಳ್ಳಿ. ಅಲಾರಮ್ಮಿಗೆ ಹಾಡು ಇಡಬೇಡಿ. ಸಾಲುಗಳಿರುವ ಹಾಡು ತಲೆಗೆ ಹತ್ತಿದರೆ ಕನಸಿನ ಜಾಗದಲ್ಲಿ ಅದೇ ಕೂರುತ್ತದೆ. ಮೆಲ್ಲಗೆ ಶುರುವಾಗಿ ಏರುವ ಬರೀ ಸದ್ದು ವಾಸಿ. ರೂಮ್‌ಮೇಟ್ ಇನ್ನೂ ಮಲಗಿರುತ್ತಾರಾದರೆ ಅವರಿಗೂ ವಾಸಿ.

ಎರಡನೆಯ ರಿಪೇರಿ ಮೈ ಅಲುಗಿಸದಿರುವುದು. ಎಚ್ಚರವಾದ ಭಂಗಿಯಲ್ಲೇ ಇರಿ. ಕನಸನ್ನು ಶುರುವಿನಿಂದ ಹುಡುಕಲು ಹೋಗಬೇಡಿ, ಶುರು ಸಿಗುವುದಿಲ್ಲ. ಕೊನೆಯ ಚಿತ್ರ ಹಿಡಿಯಿರಿ. ಅದಕ್ಕೆ ಮುಂಚೆ ಏನಾಗಿತ್ತು, ಅದಕ್ಕೂ ಮುಂಚೆ ಏನು, ಹೀಗೆ ಹಿಂದಕ್ಕೆ ಹೋಗಿ. ಚಿತ್ರವೂ ಸಿಗದಿದ್ದರೆ ಮನಸ್ಸಿನ ಸ್ಥಿತಿ ನೋಡಿ. ಎದ್ದಾಗ ಖುಷಿಯಾ, ನಾಚಿಕೆಯಾ, ಯಾರ ಮೇಲೋ ಸಿಟ್ಟಾ? ಆ ಸಿಟ್ಟು ಯಾರ ಮೇಲೆ ಅಂತ ಕೇಳಿದರೆ ಮುಖ ಬರುತ್ತದೆ, ಮುಖದ ಹಿಂದೆ ಜಾಗ ಬರುತ್ತದೆ. ಆಗಲೂ ಏನೂ ಬರದಿದ್ದರೆ ಮೆಲ್ಲಗೆ ಇನ್ನೊಂದು ಮಗ್ಗುಲಿಗೆ, ನೀವು ಸಾಮಾನ್ಯವಾಗಿ ಮಲಗುವ ಇನ್ನೊಂದು ಭಂಗಿಗೆ ತಿರುಗಿ ನೋಡಿ. ಕನಸು ಬೀಳುವಾಗ ಆ ಮಗ್ಗುಲಲ್ಲಿದ್ದರೆ ಕೆಲವೊಮ್ಮೆ ಒಂದು ತುಣುಕು ಬಂದುಬಿಡುತ್ತದೆ ಅಂತ ಕನಸು ಬರೆದಿಡುವ ಅನೇಕರು ಹೇಳುತ್ತಾರೆ. ನನಗೂ ಹಾಗೆ ಸಿಕ್ಕಿದ್ದುಂಟು.

ಇದಕ್ಕೆಲ್ಲ ಹೊತ್ತೆಲ್ಲಿ, ಆರೂವರೆ ಬಸ್ಸು ತಪ್ಪುತ್ತದೆ ಅನ್ನುತ್ತೀರಾ? ಎರಡು ನಿಮಿಷ ಸಾಕು. ಅಲಾರಮ್ಮನ್ನು ಎರಡು ನಿಮಿಷ ಹಿಂದಕ್ಕೆ ಇಡಿ.

ಮೂರನೆಯದು ಬರೆಯುವುದು. ಇಲ್ಲಿ ಹೆಚ್ಚಿನವರು ಕೈಬಿಡುತ್ತಾರೆ, ಯಾಕೆಂದರೆ ಅಂದವಾದ ಡೈರಿ ತಂದು, ಇಡೀ ಕಥೆ ಬರೆಯಲು ಕೂರುತ್ತಾರೆ. ಬೆಳಿಗ್ಗೆ ಕಥೆ ಬೇಡ. ನಾಲ್ಕೈದು ಪದ ಬೇಕು, ಅದೂ ವಸ್ತುವಿನ ಹೆಸರು, ಜಾಗದ ಹೆಸರು, ಯಾರಾದರೂ ಆಡಿದ ಮಾತು. ನನ್ನ ರೂಮ್‌ಮೇಟ್ ಒಬ್ಬ ಹಳೆಯ ಲ್ಯಾಬ್ ರೆಕಾರ್ಡಿನ ಹಿಂಬದಿಯಲ್ಲಿ ಬರೆದಿದ್ದ ಒಂದು ಟಿಪ್ಪಣಿ ಹೀಗಿತ್ತು:

ಹುಬ್ಬಳ್ಳಿ ಬಸ್ ಸ್ಟ್ಯಾಂಡ್. ಮಳೆ. ಅಜ್ಜಿ, ಹಂಚು. ಒದ್ದೆ ಹಾಲ್ ಟಿಕೆಟ್. "ನಿನ್ನಿದು".

ಸಂಜೆ ಮೆಸ್ಸಿನಲ್ಲಿ ಅದನ್ನೇ ನೋಡಿಕೊಂಡು ಪೂರ್ತಿ ಹೇಳಿದ. ಪರೀಕ್ಷೆಗೆ ಹೊರಟಿದ್ದಾನೆ, ಮಳೆಯಲ್ಲಿ ಹಾಲ್ ಟಿಕೆಟ್ ನೆನೆದಿದೆ. ಬಸ್ ಸ್ಟ್ಯಾಂಡಿನ ನಡುವೆಯೇ ಅಜ್ಜಿ ಒಲೆ ಹೂಡಿ, ರೊಟ್ಟಿ ಹಂಚಿನ ಮೇಲೆ ಹಾಲ್ ಟಿಕೆಟ್ ಹಾಕಿ ಒಣಗಿಸುತ್ತಿದ್ದಾಳೆ, ಎರಡೂ ಮಗ್ಗುಲು ತಿರುವಿ ಹಾಕಿ. ಒಣಗಿದ್ದನ್ನು ತೆಗೆದುಕೊಂಡು ಬಸ್ ಹತ್ತಿದರೆ ಕಂಡಕ್ಟರ್ ನೋಡಿ ನಗುತ್ತಾನೆ, "ತಮ್ಮಾ, ಇದು ನಿನ್ನಿದು ಐತಿ, ಇಳಿ". ನಿನ್ನಿದು ಅಂದರೆ ನಿನ್ನೆಯದು. ಬೆಳಿಗ್ಗೆ ಆ ಚೀಟಿ ಬರೆಯಲು ಅವನಿಗೆ ಅರ್ಧ ನಿಮಿಷವೂ ಹಿಡಿದಿರಲಿಕ್ಕಿಲ್ಲ. "ಏನೋ ಪರೀಕ್ಷೆಯ ಕನಸು, ಟೆನ್ಷನ್" ಅಂತ ಬರೆದಿದ್ದರೆ ಸಂಜೆ ಒಂದು ಸಾಲೂ ಬರುತ್ತಿರಲಿಲ್ಲ. ಹಂಚು ಅನ್ನುವ ಒಂದು ಪದ ಇಡೀ ಅಜ್ಜಿಯನ್ನು ತಂದುಕೊಟ್ಟಿತು.

ನಡುರಾತ್ರಿ ಕತ್ತಲಲ್ಲಿ ಗೀಚುವವರಿಗೆ ಬೇರೆ ಸಮಸ್ಯೆ, ಬೆಳಿಗ್ಗೆ ಓದಲು ಬರುವುದಿಲ್ಲ. ಇದು ದೊಡ್ಡವರನ್ನೂ ಬಿಟ್ಟಿಲ್ಲ. ಆಸ್ಟ್ರಿಯದ ಗ್ರಾಜ್‌ನಲ್ಲಿದ್ದ ವಿಜ್ಞಾನಿ ಒಟ್ಟೊ ಲೋವಿಗೆ ಒಂದು ರಾತ್ರಿ ಕನಸಿನಲ್ಲಿ ಒಂದು ಪ್ರಯೋಗದ ದಾರಿ ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮದೇ ಅಕ್ಷರ ತಮಗೇ ಅರ್ಥವಾಗಲಿಲ್ಲ. ಅದೃಷ್ಟಕ್ಕೆ ಮರುರಾತ್ರಿ ಅದೇ ಯೋಚನೆ ಮತ್ತೆ ಬಂತು. ಈ ಸಲ ಚೀಟಿಯನ್ನು ನಂಬದೆ ನೇರ ಲ್ಯಾಬಿಗೆ ಹೋಗಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿದರು. ನರಗಳು ರಾಸಾಯನಿಕದ ಮೂಲಕ ಸಂದೇಶ ದಾಟಿಸುತ್ತವೆ ಅನ್ನುವುದಕ್ಕೆ ಅದು ಸಾಕ್ಷಿಯಾಯಿತು. ಅದರ ವರದಿ 1921ರಲ್ಲಿ ಪ್ರಕಟವಾಯಿತು, 1936ರಲ್ಲಿ ಅವರಿಗೆ ನೊಬೆಲ್ ಬಂತು. ನಿಮಗೆ ಮರುರಾತ್ರಿಯ ಗ್ಯಾರಂಟಿ ಇಲ್ಲದ್ದರಿಂದ ಅಕ್ಷರ ದೊಡ್ಡದಾಗಿ ಬರೆಯಿರಿ, ಒಂದು ಪುಟಕ್ಕೆ ಒಂದೇ ಕನಸು. ಅಥವಾ ಮೊಬೈಲಿನಲ್ಲಿ ಪಿಸುಮಾತಿನ ರೆಕಾರ್ಡಿಂಗ್ ಮಾಡಿ. ರೂಮಿನಲ್ಲಿ ಮೂವರಿದ್ದರೆ ರೆಕಾರ್ಡಿಂಗ್ ಬೇಡ. ಕತ್ತಲಲ್ಲಿ ಯಾರೋ "ಅಜ್ಜಿ... ಹಂಚು..." ಅಂತ ಪಿಸುಗುಡುವುದು ಕೇಳಿದರೆ ಉಳಿದಿಬ್ಬರ ನಿದ್ದೆಯೂ ಹಾರಿಹೋಗುತ್ತದೆ.

ಲಕ್ಷಣ: ಅಲಾರಂ ಹೊಡೆದಾಗ ತಲೆಯಲ್ಲಿ ಏನೂ ಇಲ್ಲ

ಮೇಲಿನದ್ದೆಲ್ಲ ಎರಡು ವಾರ ಮಾಡಿಯೂ ಪುಟ ಖಾಲಿ ಇದ್ದರೆ ಈಗ ನಿದ್ದೆಯ ಲೆಕ್ಕ ತೆಗೆಯಬೇಕು.

1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಯೂಜಿನ್ ಅಸೆರಿನ್‌ಸ್ಕಿ ಮತ್ತು ಅವರ ಗುರು ನಥಾನಿಯಲ್ ಕ್ಲೈಟ್‌ಮನ್ ಒಂದು ವಿಚಿತ್ರ ನಿದ್ದೆಯನ್ನು ವರದಿ ಮಾಡಿದರು. ಅದರಲ್ಲಿ ಮುಚ್ಚಿದ ರೆಪ್ಪೆಯ ಕೆಳಗೇ ಕಣ್ಣುಗುಡ್ಡೆ ಸರಸರ ಓಡಾಡುತ್ತದೆ. ಅಸೆರಿನ್‌ಸ್ಕಿ ತಮ್ಮ ಪುಟ್ಟ ಮಗನನ್ನೇ ಮಲಗಿಸಿ ತಂತಿ ಅಂಟಿಸಿ ನೋಡಿದ್ದರು. ಕಣ್ಣು ಹೀಗೆ ಓಡಾಡುವ ನಿದ್ದೆಗೇ ರೆಮ್ (ರಾಪಿಡ್ ಐ ಮೂವ್ಮೆಂಟ್) ನಿದ್ದೆ ಅನ್ನುವುದು, ಇಲ್ಲಿಯವರೆಗೆ ಕನಸಿನ ನಿದ್ದೆ ಅಂದದ್ದು ಇದನ್ನೇ. 1957ರಲ್ಲಿ ಕ್ಲೈಟ್‌ಮನ್ ಮತ್ತು ವಿಲಿಯಂ ಡಿಮೆಂಟ್ ಈ ಹೊತ್ತಿನಲ್ಲಿ ಜನರನ್ನು ಎಬ್ಬಿಸಿ ಕೇಳಿದಾಗ ಹತ್ತರಲ್ಲಿ ಎಂಟು ಸಲ ಕನಸು ಸಿಕ್ಕಿತು. ಬೇರೆ ಹೊತ್ತಿನಲ್ಲಿ ಎಬ್ಬಿಸಿದಾಗ ಹತ್ತರಲ್ಲಿ ಒಂದು ಸಲವೂ ಸರಿಯಾಗಿ ಸಿಗಲಿಲ್ಲ. ಬೇರೆ ನಿದ್ದೆಯಲ್ಲೂ ಕನಸಿನ ಚೂರುಗಳು ಇರುತ್ತವೆ ಅಂತ ಆಮೇಲೆ ತಿಳಿಯಿತು. ಆದರೂ ಉದ್ದನೆಯ, ಬಣ್ಣದ, ತಲೆಬುಡವಿಲ್ಲದ ಕನಸಿಗೆ ರೆಮ್ ಹೊತ್ತೇ ಒಳ್ಳೆಯ ಹೊತ್ತು.

ಈ ರೆಮ್ ರಾತ್ರಿಯಲ್ಲಿ ಸಮನಾಗಿ ಹಂಚಿಕೊಂಡಿಲ್ಲ. ನಿದ್ದೆ ಸುಮಾರು ಒಂದೂವರೆ ಗಂಟೆಗೊಂದು ಸುತ್ತು ಹಾಕುತ್ತದೆ. ಮೊದಲ ಸುತ್ತಿನ ಕೊನೆಯಲ್ಲಿ ಬರುವ ರೆಮ್ ಹತ್ತು ನಿಮಿಷ ಇದ್ದರೆ ಹೆಚ್ಚು. ಬೆಳಗಾಗುತ್ತ ಬಂದಂತೆ ಅದು ಉದ್ದವಾಗುತ್ತದೆ, ಅರ್ಧ ಗಂಟೆ ದಾಟುವುದೂ ಉಂಟು. ಹನ್ನೊಂದಕ್ಕೆ ಮಲಗಿ ಏಳಕ್ಕೆ ಏಳಬೇಕಾದವರು ಐದಕ್ಕೇ ಎದ್ದರೆ ನಿದ್ದೆಯಲ್ಲಿ ಹೋದದ್ದು ಕಾಲು ಭಾಗ. ಕನಸಿನ ನಿದ್ದೆಯಲ್ಲಿ ಹೋದದ್ದು ಅದಕ್ಕಿಂತ ಜಾಸ್ತಿ, ಏಕೆಂದರೆ ಕತ್ತರಿ ಬಿದ್ದದ್ದು ತುಂಬಿದ ತುದಿಗೆ.

ಇನ್ನೂ ಒಂದು ವಿಷಯ ಇದೆ, ಹಾಸ್ಟೆಲಿನಲ್ಲಿ ಕಾಣುವ ಒಂದು ಒಗಟನ್ನು ಅದು ಬಿಡಿಸುತ್ತದೆ. ಒಬ್ಬ ರಾತ್ರಿ ಎರಡಕ್ಕೆ ಮಲಗಿ ಎಂಟಕ್ಕೆ ಏಳುತ್ತಾನೆ, ದಿನಾ ಒಂದು ಕನಸು ಹೇಳುತ್ತಾನೆ. ಇನ್ನೊಬ್ಬ ಹತ್ತಕ್ಕೆ ಮಲಗಿ ನಾಲ್ಕಕ್ಕೆ ಎದ್ದು ಓದುತ್ತಾನೆ, ಅವನಿಗೆ ಕನಸಿನ ಸುಳಿವೇ ಇಲ್ಲ. ಇಬ್ಬರದೂ ಆರೇ ಗಂಟೆ. ವ್ಯತ್ಯಾಸ ಎಲ್ಲಿ? ರೆಮ್ ನಿದ್ದೆ ನೀವು ಎಷ್ಟು ಹೊತ್ತು ಮಲಗಿದ್ದೀರಿ ಅನ್ನುವುದನ್ನಷ್ಟೇ ನೋಡುವುದಿಲ್ಲ, ದೇಹದ ಗಡಿಯಾರವನ್ನೂ ನೋಡುತ್ತದೆ. ಮೈಯ ಬಿಸಿ ತೀರ ಇಳಿದಿರುವ ಬೆಳಗಿನ ಜಾವ ಮತ್ತು ಅದರ ಬೆನ್ನಿಗೇ ಬರುವ ಒಂದೆರಡು ಗಂಟೆ ಅದಕ್ಕೆ ಇಷ್ಟ. ನಾಲ್ಕಕ್ಕೆ ಎದ್ದು ಓದುವವರು ಆ ಹೊತ್ತನ್ನೇ ಪುಸ್ತಕಕ್ಕೆ ಕೊಟ್ಟುಬಿಟ್ಟಿರುತ್ತಾರೆ. ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದೆ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅಂತಲೂ ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಪಡೆಯಲು ಮಾತ್ರ ಆಗುವುದಿಲ್ಲ! ನಿಜವಾಗುವ ವಿಷಯ ಹೇಗಾದರೂ ಇರಲಿ, ಆ ಹೊತ್ತಿನ ಕನಸೇ ಹೆಚ್ಚು ನೆನಪಿರುತ್ತದೆ ಅನ್ನುವುದನ್ನು ಹಿರಿಯರು ಸರಿಯಾಗಿಯೇ ಗಮನಿಸಿದ್ದರು.

ಹಾಗಂತ ಎರಡು ಗಂಟೆಗೆ ಮಲಗಿ ಅಂತ ಅಲ್ಲ. ಹದಿನೆಂಟು ದಾಟಿದವರಿಗೆ ಏಳರಿಂದ ಒಂಬತ್ತು ಗಂಟೆ, ಪಿಯುಸಿ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅನ್ನುವುದು ತಜ್ಞರ ಲೆಕ್ಕ. ಸಿಇಟಿ, ನೀಟ್ ತಯಾರಿಯಲ್ಲಿ ಅದು ಯಾರಿಗೂ ಸಿಗುವುದಿಲ್ಲ, ನನಗೂ ಗೊತ್ತು. ಸಿಕ್ಕಷ್ಟರಲ್ಲಿ ಮಾಡಬಹುದಾದದ್ದು ಇಷ್ಟು. ಏಳುವ ಹೊತ್ತು ನಿಮ್ಮ ಕೈಯಲ್ಲಿದ್ದರೆ ಅದನ್ನು ಮುಂದಕ್ಕೆ ಹಾಕಿ. ನಾಲ್ಕರ ಓದನ್ನು ಐದಕ್ಕೆ ತನ್ನಿ, ಆ ಒಂದು ಗಂಟೆಯನ್ನು ರಾತ್ರಿಯ ರೀಲ್ಸಿನಿಂದ ಕತ್ತರಿಸಿ. ಬಸ್ಸಿನಿಂದಾಗಿ ಏಳುವ ಹೊತ್ತು ಬದಲಾಗದಿದ್ದರೆ ಮಲಗುವುದನ್ನು ಅರ್ಧ ಗಂಟೆ ಹಿಂದಕ್ಕೆ ತನ್ನಿ, ಒಂದೇ ಸಲ ಎರಡು ಗಂಟೆ ತರಲು ಹೋದರೆ ಹಾಸಿಗೆಯಲ್ಲಿ ಹೊರಳಾಡುತ್ತೀರಿ. ಎರಡೂ ಆಗದಿದ್ದರೆ ಕನಸಿಗೆ ಭಾನುವಾರ ಇಟ್ಟುಕೊಳ್ಳಿ. ಬೆಳಿಗ್ಗೆ ಎಂದಿನಂತೆ ಎಚ್ಚರವಾಗಿ, ನೀರು ಕುಡಿದು ಮತ್ತೆ ಮಲಗಿದಾಗ ಬರುವ ಆ ಎರಡನೆಯ ನಿದ್ದೆ ರೆಮ್ ತುಂಬಿದ ನಿದ್ದೆ. ವಾರದ ಆರು ದಿನ ಸಿಗದ್ದು ಅಲ್ಲಿ ಸಿಗುತ್ತದೆ.

ಸ್ನೂಜ್ ಬಗ್ಗೆ ಎರಡು ಮಾತು. ಹತ್ತು ನಿಮಿಷಕ್ಕೊಮ್ಮೆ ಐದು ಸಲ ಹೊಡೆಯುವ ಸ್ನೂಜ್ ಕನಸಿಗೂ ನಿದ್ದೆಗೂ ಎರಡಕ್ಕೂ ಕೇಡು. ಒಂದೇ ಸಲ, ಅದೂ ಸಿಕ್ಕ ತುಣುಕನ್ನು ಬರೆದಾದ ಮೇಲೆ ಒತ್ತಿದರೆ ಪರವಾಗಿಲ್ಲ. ಇನ್ನು, "ಈಗ ಮಲಗಿದರೆ ಇಷ್ಟಕ್ಕೆ ಏಳಿ" ಅಂತ ತೊಂಬತ್ತು ನಿಮಿಷದ ಲೆಕ್ಕ ಹಾಕಿ ಹೇಳುವ ಆ್ಯಪ್‌ಗಳನ್ನು ಹೆಚ್ಚು ನಂಬಬೇಡಿ. ತೊಂಬತ್ತು ಅನ್ನುವುದು ಸರಾಸರಿ. ಸುತ್ತಿನ ಉದ್ದ ಒಬ್ಬರಿಂದ ಒಬ್ಬರಿಗೆ, ಒಂದೇ ರಾತ್ರಿಯಲ್ಲೂ, ಬದಲಾಗುತ್ತದೆ. ನಾಲ್ಕು ಸುತ್ತು ಕಳೆಯುವಷ್ಟರಲ್ಲಿ ಲೆಕ್ಕ ಅರ್ಧ ಗಂಟೆಗೂ ಹೆಚ್ಚು ಹಿಂದುಮುಂದಾಗಿರುತ್ತದೆ.

ಲಕ್ಷಣ: ರಾತ್ರಿ ಕಾಫಿ, ಬೆಳಿಗ್ಗೆ ಶೂನ್ಯ

ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಒಂಬತ್ತಕ್ಕೆ ಕುಡಿದ ಫಿಲ್ಟರ್ ಕಾಫಿಯ ಅರ್ಧ ರಾತ್ರಿ ಎರಡಕ್ಕೂ ಮೈಯಲ್ಲಿ ಇರುತ್ತದೆ. ಇದು ಕನಸನ್ನು ಕೆಡಿಸುವುದು ಹೆಚ್ಚಾಗಿ ಸುತ್ತುದಾರಿಯಲ್ಲಿ. ನಿದ್ದೆ ತಡವಾಗಿ ಹತ್ತುತ್ತದೆ, ಅಲಾರಂ ತಡವಾಗುವುದಿಲ್ಲ, ಕತ್ತರಿ ಮತ್ತೆ ಬೆಳಗಿನ ತುದಿಗೇ ಬೀಳುತ್ತದೆ. ಮಧ್ಯಾಹ್ನದ ಮೇಲೆ ನಿಲ್ಲಿಸಿ ಅಂತ ಹೇಳುವುದು ಸುಲಭ, ಪರೀಕ್ಷೆಯ ವಾರ ಯಾರೂ ಕೇಳುವುದಿಲ್ಲ. ಸಂಜೆ ಐದರ ಕಾಫಿಯನ್ನೇ ಕೊನೆ ಮಾಡಿದರೂ ವ್ಯತ್ಯಾಸ ಕಾಣುತ್ತದೆ.

ಮದ್ಯದ ವಿಷಯ ಚಿಕ್ಕದು. ಕುಡಿದು ಮಲಗಿದ ರಾತ್ರಿಯ ಮೊದಲರ್ಧದಲ್ಲಿ ರೆಮ್ ಅದುಮಿಹೋಗುತ್ತದೆ. ಎರಡನೆಯ ಅರ್ಧದಲ್ಲಿ ನುಗ್ಗಿ ಬರುತ್ತದೆ, ಆದರೆ ನಿದ್ದೆ ಚೂರುಚೂರಾಗಿರುತ್ತದೆ, ಬರುವ ಕನಸೂ ಸೊಗಸಾಗಿರುವುದಿಲ್ಲ.

ಲಕ್ಷಣ: ಎಂಟು ಗಂಟೆ ಮಲಗಿದರೂ ಏನೂ ಇಲ್ಲ

ತಲೆದಿಂಬಿಗೆ ತಲೆ ಕೊಟ್ಟರೆ ಬೆಳಿಗ್ಗೆಯೇ ಕಣ್ಣು ಬಿಡುವ ಪುಣ್ಯವಂತರು ನೀವು. ನಿಜ ಹೇಳಬೇಕೆಂದರೆ ಇದು ದೋಷವೇ ಅಲ್ಲ. ಫ್ರಾನ್ಸಿನ ಲಿಯೊನ್‌ನಲ್ಲಿ ಪೆರಿನ್ ರೂಬಿ ಮತ್ತು ಜೊತೆಯವರು ಕನಸು ಹೆಚ್ಚು ನೆನಪಿರುವವರನ್ನೂ ಅಪರೂಪಕ್ಕೆ ನೆನಪಿರುವವರನ್ನೂ ಹೋಲಿಸಿ ನೋಡಿದರು. ಹೆಚ್ಚು ನೆನಪಿರುವವರು ರಾತ್ರಿಯ ನಡುವೆ ಎಚ್ಚರವಿದ್ದ ಹೊತ್ತು ಒಟ್ಟು ಸುಮಾರು ಅರ್ಧ ಗಂಟೆ. ಇನ್ನೊಂದು ಗುಂಪಿನವರದು ಅದರ ಅರ್ಧ. ಅಂದರೆ ಕನಸಿನ ದೊಡ್ಡ ದೊಡ್ಡ ಕಥೆ ಹೇಳುವವರಲ್ಲಿ ಎಷ್ಟೋ ಜನರದು ಕೋಳಿನಿದ್ದೆ. ಆ ಪುಟ್ಟ ಪುಟ್ಟ ಎಚ್ಚರಗಳಲ್ಲೇ ಕನಸು ನೆನಪಿಗೆ ದಾಟುತ್ತದೆ.

ನಿಮಗೂ ಬೇಕೇ ಬೇಕು ಅಂದರೆ ಮಲಗುವ ಮುಂಚೆ ಒಂದು ಮಾತು ಮನಸ್ಸಿಗೆ ಹೇಳಿಕೊಳ್ಳಿ: "ಎಚ್ಚರವಾದಾಗ ಏನು ಕನಸು ಬಿತ್ತು ಅಂತ ನೋಡುತ್ತೇನೆ." ಬಾಲಿಶ ಅನ್ನಿಸಬಹುದು. ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಕನಸಿನೊಳಗೇ ಎಚ್ಚರವಾಗುವ ಪ್ರಯೋಗಗಳನ್ನು ಮಾಡಿದ್ದು ಇದೇ ಬಗೆಯ ಸಂಕಲ್ಪದಿಂದ. ಪುಸ್ತಕ ಪೆನ್ನು ದಿಂಬಿನ ಪಕ್ಕ ತೆರೆದಿಟ್ಟು ಮಲಗುವುದೂ ಅದೇ ಕೆಲಸ ಮಾಡುತ್ತದೆ. ಎರಡು ಲೋಟ ನೀರು ಕುಡಿದು ಮಲಗಿ, ನಡುರಾತ್ರಿ ತಾನಾಗಿ ಎಚ್ಚರವಾಗುತ್ತದೆ ಅಂತ ಒಂದು ಉಪಾಯ ಓಡಾಡುತ್ತದೆ. ಆಗುತ್ತದೆ, ಸುಳ್ಳಲ್ಲ. ಆದರೆ ಐದು ಗಂಟೆ ನಿದ್ದೆ ಮಾಡುವವರು ಅದನ್ನೂ ಮುರಿದುಕೊಳ್ಳುವುದು ಯಾಕೆ? ನಡುರಾತ್ರಿಗೆ ಅಲಾರಂ ಇಡುವುದಕ್ಕೂ ನನ್ನ ಉತ್ತರ ಇದೇ. ರಜೆಯಲ್ಲಿ ಬೇಕಾದರೆ ಮಾಡಿ.

ಅದರ ಬದಲು ಬಸ್ಸಿನಲ್ಲಿ ಅಭ್ಯಾಸ ಮಾಡಿ. ಕಿಟಕಿಗೆ ತಲೆ ಆನಿಸಿ ತೂಕಡಿಸುವಾಗ, ಜೊಂಪು ಹತ್ತುವ ಆ ಗಳಿಗೆಯಲ್ಲಿ, ಸಣ್ಣ ಸಣ್ಣ ಚಿತ್ರಗಳು ಮಿಂಚಿ ಹೋಗುತ್ತವೆ. ರೋಡ್ ಹಂಪ್ ಬಂದು ತಲೆ ಗಾಜಿಗೆ ಬಡಿದಾಗ ಎಚ್ಚರವಾಗುತ್ತದಲ್ಲ, ಆಗ ತಕ್ಷಣ ಹಿಡಿಯಿರಿ, ಈಗ ಏನು ಕಂಡೆ? ಇದು ಪೂರ್ತಿ ಕನಸಲ್ಲ. ಆದರೆ ಜಾರಿಹೋಗುವ ಚಿತ್ರವನ್ನು ಹಿಡಿಯುವ ರೂಢಿ ಇಲ್ಲೇ ಆಗುತ್ತದೆ, ದಿನಕ್ಕೆ ನಾಲ್ಕೈದು ಸಲ, ನಿದ್ದೆಯ ಒಂದು ನಿಮಿಷವನ್ನೂ ಖರ್ಚು ಮಾಡದೆ. ನಿಮ್ಮ ಸ್ಟಾಪ್ ತಪ್ಪದಂತೆ ಮಾತ್ರ ನೋಡಿಕೊಳ್ಳಿ.

ಲಕ್ಷಣ: ನೆನಪಾಗತೊಡಗಿತು, ಈಗ ಬೇಡವಾಗಿದೆ

ಹಿಡಿಯುವುದು ರೂಢಿಯಾದ ಮೇಲೆ ಕೆಟ್ಟ ಕನಸೂ ಸಿಕ್ಕಿಹಾಕಿಕೊಳ್ಳುತ್ತದೆ. ಓದದೇ ಇರುವ ಸಬ್ಜೆಕ್ಟಿನ ಪ್ರಶ್ನೆಪತ್ರಿಕೆ, ಎಷ್ಟು ಓಡಿದರೂ ಸಿಗದ ಪರೀಕ್ಷಾ ಹಾಲ್, ಇಂಕ್ ಇಲ್ಲದ ಪೆನ್ನು. ಇವು ಎಲ್ಲರಿಗೂ ಬೀಳುತ್ತವೆ, ಕಾಲೇಜು ಬಿಟ್ಟು ಎಷ್ಟೋ ವರ್ಷ ಆದವರಿಗೂ ಬೀಳುತ್ತವೆ. ಒಂದೇ ಕೆಟ್ಟ ಕನಸು ಮತ್ತೆ ಮತ್ತೆ ಬರುತ್ತಿದ್ದರೆ ಹಗಲಿನಲ್ಲಿ ಅದನ್ನು ಬರೆದು, ಅಂತ್ಯವನ್ನು ನಿಮಗೆ ಬೇಕಾದಂತೆ ಬದಲಿಸಿ, ಆ ಹೊಸ ಕಥೆಯನ್ನು ದಿನಾ ಕೆಲವು ನಿಮಿಷ ಕಣ್ಮುಚ್ಚಿ ನೋಡಿಕೊಳ್ಳಿ. ದುಃಸ್ವಪ್ನಕ್ಕೆ ತಜ್ಞರು ಹೇಳಿಕೊಡುವ ವಿಧಾನವೇ ಇದು.

ಇನ್ನೊಂದು, ಎಚ್ಚರವಾಗಿದೆ ಆದರೆ ಕೈಕಾಲು ಅಲ್ಲಾಡುವುದಿಲ್ಲ, ಎದೆಯ ಮೇಲೆ ಯಾರೋ ಕೂತ ಹಾಗೆ, ಕೂಗಿದರೆ ದನಿ ಬರುವುದಿಲ್ಲ. ಊರಿನಲ್ಲಿ ಹೇಳಿದರೆ ದೆವ್ವದ ಕಥೆ ಶುರುವಾಗುತ್ತದೆ. ಕನಸಿನಲ್ಲಿ ನಾವು ನಿಜವಾಗಿಯೂ ಎದ್ದು ಓಡದಿರಲಿ ಅಂತ ರೆಮ್ ಹೊತ್ತಿನಲ್ಲಿ ಮೈಯ ಸ್ನಾಯುಗಳು ಸಡಿಲವಾಗಿ ಕಟ್ಟಿಹಾಕಿದಂತಿರುತ್ತವೆ. ಕೆಲವೊಮ್ಮೆ ಆ ಕಟ್ಟು ಬಿಚ್ಚುವ ಮೊದಲೇ ಎಚ್ಚರವಾಗಿಬಿಡುತ್ತದೆ. ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ. ಗಾಬರಿಯಾಗದೆ ಒಂದು ಬೆರಳನ್ನೋ ಕಾಲಿನ ಹೆಬ್ಬೆರಳನ್ನೋ ಅಲುಗಿಸಲು ಪ್ರಯತ್ನಿಸಿ. ನಿದ್ದೆಗೆಟ್ಟ ದಿನಗಳಲ್ಲಿ, ಅಂಗಾತ ಮಲಗಿದಾಗ, ಇದು ಜಾಸ್ತಿ. ಮಗ್ಗುಲಾಗಿ ಮಲಗಿ. ಇದು ಶುರುವಾದರೆ ಕನಸಿನ ಪುಸ್ತಕ ಸ್ವಲ್ಪ ದಿನ ಎತ್ತಿಡಿ, ಮೊದಲು ನಿದ್ದೆ ಸರಿಮಾಡಿಕೊಳ್ಳಿ.

ಕೈಹಾಕಬಾರದ ಜಾಗಗಳು

ವಿಟಮಿನ್ ಬಿ6 ಮಾತ್ರೆ ತಿಂದರೆ ಕನಸು ನೆನಪಿರುತ್ತದೆ ಅಂತ ಯಾರಾದರೂ ಹೇಳಿರಬಹುದು. ಪೂರ್ತಿ ಗಾಳಿಮಾತಲ್ಲ. ಆಸ್ಟ್ರೇಲಿಯದ ಅಡಿಲೇಡ್‌ನವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಲಗುವ ಮುಂಚೆ 240 ಮಿಲಿಗ್ರಾಂ ತೆಗೆದುಕೊಂಡವರಿಗೆ ಕನಸು ಹೆಚ್ಚು ನೆನಪಾಯಿತು. ಆದರೆ ಮೈಗೆ ದಿನಕ್ಕೆ ಬೇಕಾಗಿರುವುದು ಒಂದೆರಡು ಮಿಲಿಗ್ರಾಂ. ದೊಡ್ಡ ಡೋಸನ್ನು ತಿಂಗಳುಗಟ್ಟಲೆ ತಿಂದರೆ ಕೈಕಾಲಿನ ನರಗಳಿಗೆ ಪೆಟ್ಟು ಬೀಳುತ್ತದೆ. ಒಂದು ಕನಸಿಗಾಗಿ ಅಷ್ಟು ದೊಡ್ಡ ಬೆಲೆ ಬೇಡ.

ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ರೆಮ್ ನಿದ್ದೆ ತಗ್ಗಿಸುತ್ತವೆ. ನೀವು ಅಂಥದ್ದು ತೆಗೆದುಕೊಳ್ಳುತ್ತಿದ್ದು ಕನಸು ನಿಂತಿದ್ದರೆ ಕಾರಣ ಅದೇ ಇರಬಹುದು. ಕನಸು ಬೇಕು ಅಂತ ಮಾತ್ರೆ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನೇ ಕೇಳಿ. ಜೋರು ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತದೆ ಅಂತ ರೂಮ್‌ಮೇಟ್ ಹೇಳುತ್ತಿದ್ದರೆ, ಏಳೆಂಟು ಗಂಟೆ ಮಲಗಿಯೂ ಕ್ಲಾಸಿನಲ್ಲಿ ಕಣ್ಣು ಎಳೆಯುತ್ತಿದ್ದರೆ, ನಿದ್ದೆಯಲ್ಲಿ ಎದ್ದು ಹೊಡೆದಾಡುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಕೆಟ್ಟ ಕನಸಿಗೆ ಹೆದರಿ ಮಲಗಲೇ ಆಗುತ್ತಿಲ್ಲ, ಓದಿನ ಒತ್ತಡ ತಡೆಯಲು ಆಗುತ್ತಿಲ್ಲ ಅಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕಾಸಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.